ಇಮ್ಯಾಟಿನಿಬ್‌ನ ಮೊದಲ ಹಂತದ ಚಿಕಿತ್ಸಾ ಪ್ರಯೋಗಗಳು

ಇಮ್ಯಾಟಿನಿಬ್ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆಯಲ್ಲಿ ಬಳಸುವ ಒಂದು ಔಷಧ. ಆಗ ಎಸ್‌ಟಿಐ೫೭೧ ಎಂಬ ಸಂಕೇತನಾಮ ಹೊಂದಿದ್ದ ಈ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲ ಹಂತದ ಪ್ರಯೋಗಗಳು ೧೯೯೮ರ ಜೂನ್ ತಿಂಗಳಿನಲ್ಲಿ ಅಮೆರಿಕದಲ್ಲಿ ಆರಂಭವಾದವು. ಅಂದಿನ ಚಿಕಿತ್ಸೆಗೆ ಮಣಿಯದ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ ರೋಗಿಗಳು ಇವುಗಳಲ್ಲಿ ಭಾಗವಹಿಸಿದರು.

ಹಿನ್ನೆಲೆ

ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ೧೯೬೦ರಲ್ಲಿ ಈ ರೋಗಿಗಳ ಜೀವಕೋಶಗಳಲ್ಲಿ ಅಸಹಜವಾದ ಸಣ್ಣ ವರ್ಣತಂತುವೊಂದನ್ನು ಗುರುತಿಸಿದರು. ಇದಕ್ಕೆ ಫಿಲಡೆಲ್ಫಿಯಾ ವರ್ಣತಂತು ಎಂದು ಹೆಸರಾಯಿತು. ೯ ಮತ್ತು ೨೨ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುವುದರಿಂದ ಇದು ಉಂಟಾಗುತ್ತದೆ ಎಂಬುದನ್ನು ಜಾನೆಟ್ ರೌಲಿ ೧೯೭೩ರಲ್ಲಿ ತೋರಿಸಿದರು. ಈ ಬದಲಾವಣೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಕಿಣ್ವವು ಬಿಳಿ ರಕ್ತಕಣಗಳು ಮಿತಿಮೀರಿ ಬೆಳೆಯುವಂತೆ ಮಾಡುತ್ತದೆ. ಕಿಣ್ವಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣು ಕೂರುವ ಜಾಗವನ್ನು ಇಮ್ಯಾಟಿನಿಬ್ ಆಕ್ರಮಿಸಿ ಅದರ ಕೆಲಸವನ್ನು ತಡೆಯುತ್ತದೆ.

ಪ್ರಯೋಗದ ವಿನ್ಯಾಸ

ಮೊದಲ ಹಂತದ ಪ್ರಯೋಗದ ಮುಖ್ಯ ಉದ್ದೇಶ ರೋಗ ಗುಣಪಡಿಸುವುದಲ್ಲ. ಔಷಧದ ಸುರಕ್ಷಿತ ಪ್ರಮಾಣವನ್ನು ಕಂಡುಕೊಳ್ಳುವುದು. ಆದ್ದರಿಂದ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಅಪಾಯವಿಲ್ಲವೆಂದು ಖಚಿತವಾದ ಮೇಲೆ ಮುಂದಿನ ಗುಂಪಿಗೆ ಹೆಚ್ಚಿನ ಪ್ರಮಾಣ ನೀಡಲಾಗುತ್ತದೆ. ಮೊದಲು ಸೇರುವವರಿಗೆ ಔಷಧದ ಪ್ರಯೋಜನ ದೊರೆಯುವ ಸಾಧ್ಯತೆ ಕಡಿಮೆ. ಈ ಸಂಗತಿಯನ್ನು ರೋಗಿಗೆ ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯುವುದು ಇಂತಹ ಪ್ರಯೋಗಗಳ ನೈತಿಕ ಅಗತ್ಯವಾಗಿದೆ.

ಬ್ರಯಾನ್ ಡ್ರೂಕರ್, ಚಾರ್ಲ್ಸ್ ಸಾಯರ್ಸ್ ಮತ್ತು ಮೋಶೆ ತಲ್ಪಾಜ್ ನಡೆಸಿದ ಪ್ರಯೋಗದಲ್ಲಿ, ಇಂಟರ್‌ಫೆರಾನ್ ಚಿಕಿತ್ಸೆ ಫಲಿಸದ ಅಥವಾ ಅದನ್ನು ಸಹಿಸಲಾಗದ ೮೩ ರೋಗಿಗಳಿದ್ದರು. ದಿನಕ್ಕೆ ೨೫ ಮಿಲಿಗ್ರಾಂನಿಂದ ೧೦೦೦ ಮಿಲಿಗ್ರಾಂವರೆಗಿನ ೧೪ ಪ್ರಮಾಣಗಳನ್ನು ಪರೀಕ್ಷಿಸಲಾಯಿತು.

ಫಲಿತಾಂಶ

ದಿನಕ್ಕೆ ೩೦೦ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪಡೆದ ೫೪ ರೋಗಿಗಳ ಪೈಕಿ ೫೩ ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಮರಳಿತು. ಆದರೆ ಫಿಲಡೆಲ್ಫಿಯಾ ವರ್ಣತಂತುವುಳ್ಳ ಕೋಶಗಳು ಪೂರ್ಣವಾಗಿ ಮರೆಯಾದದ್ದು ಏಳು ಮಂದಿಯಲ್ಲಿ ಮಾತ್ರ. ವಾಕರಿಕೆ, ಸ್ನಾಯುನೋವು, ಊತ ಮತ್ತು ಅತಿಸಾರ ಸಾಮಾನ್ಯ ಅಡ್ಡಪರಿಣಾಮಗಳಾಗಿದ್ದವು. ಸಹಿಸಬಹುದಾದ ಗರಿಷ್ಠ ಪ್ರಮಾಣ ಯಾವುದೆಂಬುದು ಈ ಪ್ರಯೋಗದಲ್ಲಿ ತಿಳಿದುಬರಲಿಲ್ಲ. ವರದಿಯು ೨೦೦೧ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಮೇ ೧೦ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಔಷಧಕ್ಕೆ ಅನುಮೋದನೆ ನೀಡಿತು.

ಮಿತಿಗಳು

ರೋಗವು ಉಲ್ಬಣಿಸಿ ಬ್ಲಾಸ್ಟ್ ಕ್ರೈಸಿಸ್ ಎಂಬ ಕೊನೆಯ ಘಟ್ಟ ತಲುಪಿದವರಲ್ಲಿ ಫಲಿತಾಂಶ ಇಷ್ಟು ಆಶಾದಾಯಕವಾಗಿರಲಿಲ್ಲ. ಅದೇ ಸಮಯದಲ್ಲಿ ಪ್ರಕಟವಾದ ಇನ್ನೊಂದು ವರದಿಯ ಪ್ರಕಾರ, ಮೈಲಾಯ್ಡ್ ಬಗೆಯ ೩೮ ರೋಗಿಗಳಲ್ಲಿ ೨೧ ಮಂದಿ, ಲಿಂಫಾಯ್ಡ್ ಬಗೆಯ ೨೦ ರೋಗಿಗಳಲ್ಲಿ ೧೪ ಮಂದಿ ಚಿಕಿತ್ಸೆಗೆ ಸ್ಪಂದಿಸಿದರು. ಆದರೆ ಸ್ಪಂದಿಸಿದ ಲಿಂಫಾಯ್ಡ್ ರೋಗಿಗಳಲ್ಲಿ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ರೋಗ ಮರುಕಳಿಸಿತು. ಕಿಣ್ವದ ರಚನೆಯಲ್ಲಾಗುವ ಟಿ೩೧೫ಐ ಎಂಬ ಸಣ್ಣ ಬದಲಾವಣೆಯು ಔಷಧ ಅಂಟಿಕೊಳ್ಳದಂತೆ ತಡೆಯುತ್ತದೆ ಎಂಬುದು ೨೦೦೧ರಲ್ಲಿ ಗೊತ್ತಾಯಿತು. ಈ ಬದಲಾವಣೆಯಿದ್ದರೂ ಕೆಲಸ ಮಾಡುವ ಪೊನಾಟಿನಿಬ್ ಅಮೆರಿಕದಲ್ಲಿ ೨೦೧೨ರಲ್ಲಿ ಅನುಮೋದನೆ ಪಡೆಯಿತು.

ಭಾರತದಲ್ಲಿ

ಇಮ್ಯಾಟಿನಿಬ್‌ನ ಬೀಟಾ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಸಂಸ್ಥೆಯು ಕೋರಿದ್ದ ಪೇಟೆಂಟನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ನಿರಾಕರಿಸಿತು. ಇದರಿಂದ ಭಾರತೀಯ ಕಂಪನಿಗಳು ತಯಾರಿಸುವ ಕಡಿಮೆ ಬೆಲೆಯ ಜೆನೆರಿಕ್ ಔಷಧಗಳ ಮಾರಾಟ ಮುಂದುವರಿಯಲು ಸಾಧ್ಯವಾಯಿತು.