ಬಯಲಿನಲ್ಲಿ ಹೊಗೆ ಏನು ಮಾಡೀತು?

ಮರ ಕೊಯ್ಯುವುದು ಬಯಲ ಕೆಲಸ, ಸುತ್ತ ಬೇಕಾದಷ್ಟು ಗಾಳಿಯಿದೆ, ಚೈನ್‌ಸಾ ಹೊಗೆ ಯಾರನ್ನು ಏನು ಮಾಡೀತು ಎನ್ನುವವರು ಬಹಳ. ಕಾಡಿನ ಒಟ್ಟು ಗಾಳಿಯ ಮಟ್ಟಿಗೆ ಆ ಮಾತು ನಿಜವೇ. ಆದರೆ ಕೊಯ್ಯುವವನ ಎದೆಗೆ ಹೋಗುವುದು ಇಡೀ ಕಾಡಿನ ಗಾಳಿಯಲ್ಲ, ಅವನ ಮೂಗಿನ ಮುಂದಿನ ಗಾಳಿ. ಬುಡ ಕತ್ತರಿಸಲು ಬಗ್ಗಿ ನಿಂತರೆ ಸೈಲೆನ್ಸರ್ ಮುಖದಿಂದ ಹೆಚ್ಚೆಂದರೆ ಒಂದು ತೋಳು ದೂರ. ಗಾಳಿಯಾಡದ ದಿನ, ತಗ್ಗಿನಲ್ಲಿ, ಪೊದೆಗಳ ನಡುವೆ ಹೊಗೆ ಅಲ್ಲೇ ಸುಳಿಯುತ್ತಿರುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಮರ ಕಡಿಯುವವರನ್ನು ಪರೀಕ್ಷಿಸಿದಾಗ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿದ್ದು, ಕಣ್ಣು ಗಂಟಲಿನ ಉರಿ, ಉಸಿರಾಟದ ಸಾಮರ್ಥ್ಯದಲ್ಲಿ ಸಣ್ಣ ವ್ಯತ್ಯಾಸ ಕಂಡುಬಂದವು. ಅವರೂ ದುಡಿಯುತ್ತಿದ್ದದ್ದು ಬಯಲಿನಲ್ಲೇ.

ತೊಂದರೆಯ ಮೂಲ ಎಂಜಿನ್ನಿನ ರಚನೆಯಲ್ಲಿದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲ್ ಮಿಶ್ರಣ ಒಳನುಗ್ಗುವಾಗಲೇ ಹಳೆಯ ಹೊಗೆ ಹೊರಬೀಳುತ್ತಿರುತ್ತದೆ. ಅದರ ಜೊತೆಗೇ ಒಂದಿಷ್ಟು ಪೆಟ್ರೋಲ್ ಉರಿಯದೆ ಹೊರಟುಹೋಗುತ್ತದೆ, ಅದರಲ್ಲಿನ ಬೆಂಜೀನ್ ಸಮೇತ. 2ಟಿ ಆಯಿಲ್ ಹದವಾಗಿ ಹಾಕಿದರೆ, ಅಂದರೆ ಐವತ್ತಕ್ಕೆ ಒಂದರ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ, ನೀಲಿ ಹೊಗೆ ತಗ್ಗುತ್ತದೆ. ಹೊಗೆ ಕಾಣದಿದ್ದರೆ ಗಾಳಿ ಚೊಕ್ಕ ಎಂಬ ಎರಡನೆಯ ಭ್ರಮೆ ಹುಟ್ಟುವುದು ಇಲ್ಲಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ; ಶುದ್ಧ ಗಾಳಿಗೆ ಬಂದ ಮೇಲೂ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆ ಬೇಕು. ಸಂಜೆಯ ತಲೆನೋವನ್ನು ಬಿಸಿಲಿನ ಲೆಕ್ಕಕ್ಕೋ ಯಂತ್ರದ ಸದ್ದಿನ ಲೆಕ್ಕಕ್ಕೋ ಬರೆದು ಮರೆಯುವುದು ಸುಲಭ. ಅವೂ ತಲೆನೋವು ತರುತ್ತವೆ ಎಂಬುದರಿಂದಲೇ ಹೊಗೆ ಪಾರಾಗುತ್ತದೆ.

ಅಳೆದು ನೋಡಿದರೆ ಕಾರ್ಬನ್ ಮೊನಾಕ್ಸೈಡಿನ ಎಂಟು ಗಂಟೆಯ ಸರಾಸರಿ ಎಷ್ಟೋ ಸಲ ಮಿತಿಯೊಳಗೇ ಇರುತ್ತದಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಸರಾಸರಿಯಲ್ಲಿ ನಡೆದಾಡಿದ್ದು, ಪೆಟ್ರೋಲ್ ತುಂಬಿದ್ದು, ಬುತ್ತಿ ಬಿಚ್ಚಿ ಕೂತದ್ದು ಎಲ್ಲವೂ ಸೇರಿದೆ. ಬುಡ ಕೊಯ್ಯುವ ನಿಮಿಷಗಳ ಏರಿಕೆ ಅದರಲ್ಲಿ ಕರಗಿಹೋಗುತ್ತದೆ. ಮೈಮುರಿದು ದುಡಿಯುವವನು ಕೂತವನಿಗಿಂತ ಹಲವು ಪಟ್ಟು ಗಾಳಿ ಎಳೆಯುತ್ತಾನೆ. ಬೀಡಿ ಸೇದುವವನ ರಕ್ತದಲ್ಲಂತೂ ಕಾರ್ಬನ್ ಮೊನಾಕ್ಸೈಡ್ ಬೆಳಿಗ್ಗೆಯೇ ಮನೆಮಾಡಿರುತ್ತದೆ. ಇನ್ನು ಬೆಂಜೀನ್‌ಗೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಮುಖಕ್ಕೆ ಟವೆಲ್ ಸುತ್ತಿದರೆ ಆಯಿತು ಎನ್ನುವವರಿಗೂ ಒಂದು ಮಾತು. ಟವೆಲ್ ದಪ್ಪ ಪುಡಿಯನ್ನು ತಡೆದೀತು, ಎನ್95 ಮಾಸ್ಕ್ ಸಣ್ಣ ಧೂಳನ್ನೂ ತಡೆದೀತು. ಅನಿಲವನ್ನು ಎರಡೂ ತಡೆಯವು. ಇನ್ನು ಧೂಳಿನ ಮಾತು: ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ಅದಕ್ಕೆ ಹೆಚ್ಚಿನ ಆಧಾರ ಸಿಕ್ಕಿದ್ದು ಪೀಠೋಪಕರಣದ ಕಾರ್ಖಾನೆಗಳ ಒಣ ಧೂಳಿನಿಂದ. ಹಸಿ ಮರದ ದಪ್ಪ ಚಕ್ಕೆಗೆ ಅದನ್ನು ಹಾಗೇ ಅನ್ವಯಿಸಿ ಹೆದರಿಸುವುದು ಸರಿಯಲ್ಲ.

ಇಂಧನವನ್ನೋ ಯಂತ್ರವನ್ನೋ ಬದಲಿಸಿದರೆ? ಸ್ವೀಡನ್ನಿನಲ್ಲಿ 1980ರ ದಶಕದ ಕೊನೆಗೆ ಬಂದ ಆಲ್ಕೈಲೇಟ್ ಪೆಟ್ರೋಲಿನಲ್ಲಿ ಬೆಂಜೀನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಉಸಿರಿಗೆ ಸಿಗುವ ಕಾರ್ಬನ್ ಮೊನಾಕ್ಸೈಡನ್ನು ಅದು ಹೋಗಲಾಡಿಸುವುದಿಲ್ಲ. ಬ್ಯಾಟರಿ ಗರಗಸದಲ್ಲಿ ಹೊಗೆಯೇ ಇಲ್ಲ, ಧೂಳು ಮಾತ್ರ ಇದ್ದೇ ಇದೆ. ಆ ಧೂಳು ಎಷ್ಟು ಎಂಬುದು ಬಹುಮಟ್ಟಿಗೆ ಚೈನಿನ ಹಲ್ಲಿಗೆ ಬಿಟ್ಟದ್ದು: ಅರ ಹಿಡಿದು ಮಸೆದ ಚೈನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿ ಹಾರಿಸುತ್ತದೆ, ಕೊಯ್ಯಲು ಹೊತ್ತೂ ಹೆಚ್ಚು ಹಿಡಿಯುತ್ತದೆ, ಅಷ್ಟೂ ಹೊತ್ತು ಪೆಟ್ರೋಲ್ ಎಂಜಿನ್ನಿನ ಹೊಗೆ ಮುಖಕ್ಕೇ.