ಹಿತ್ತಿಲಿನ ಹೊಗೆಗೂಡು

ಕೊಡಗಿನ ಹಳೆಯ ಮನೆಗಳಲ್ಲಿ ಹಂದಿಯ ಮಾಂಸವನ್ನು ಒಲೆಯ ಮೇಲಣ ಅಟ್ಟದಲ್ಲಿಟ್ಟು, ಹೊಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಕಾಪಾಡುವ ವಾಡಿಕೆಯುಂಟು. ಅನಿಲದ ಒಲೆಯಿರುವ ಮನೆಯಲ್ಲಿ ಆ ಹೊಗೆಯ ರುಚಿ ದೊರೆಯುವುದೆಂತು? ಈ ಯೋಚನೆಯಿಂದಲೇ ನಾವು ಗುಜರಿ ಸಾಮಾನುಗಳಿಂದ ಹಿತ್ತಿಲಿನಲ್ಲಿ ಹೊಗೆಗೂಡೊಂದನ್ನು ರಚಿಸತೊಡಗಿದೆವು.

ಮೊದಲ ಹೆಜ್ಜೆಯಲ್ಲೇ ಎಡವಿದೆವು. ಅಗ್ಗಕ್ಕೆ ದೊರೆತ 200 ಲೀಟರಿನ ಉಕ್ಕಿನ ಪೀಪಾಯಿಯನ್ನು ತಂದು ತೊಳೆದುದಾಯಿತು. ಅದರಲ್ಲಿ ಮೊದಲು ಏನಿತ್ತೆಂದು ಮನೆಯ ಹಿರಿಯರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ವಿಚಾರಿಸಲಾಗಿ, ಅದು ತೋಟದ ಕೀಟನಾಶಕದ ಪೀಪಾಯಿ! ಮಕ್ಕಳಿಗೆ ವಿಷವುಣಿಸಲಿದ್ದ ನಮ್ಮನ್ನು ಆ ಒಂದು ಪ್ರಶ್ನೆಯು ಕಾಪಾಡಿತು.

ಬಳಿಕ ಅಡಿಗೆಯೆಣ್ಣೆ ತುಂಬಿದ್ದ, ಮೇಲ್ಭಾಗ ತೆರೆದ ಪೀಪಾಯಿಯೊಂದನ್ನು ತಂದೆವು. ಬಯಲಿನಲ್ಲಿ ಅದರೊಳಗೆ ದೊಡ್ಡ ಬೆಂಕಿ ಹೊತ್ತಿಸಿ, ಜಿಡ್ಡನ್ನೂ ಬಣ್ಣವನ್ನೂ ಸುಟ್ಟು, ಉಜ್ಜಿ ತೊಳೆದೆವು. ತಳದ ಬಳಿ ಮೂರು ರಂಧ್ರಗಳು, ಮುಚ್ಚಳದಲ್ಲಿ ನಾಲ್ಕು. ಕೆಳಗಿನವನ್ನು ತೆರೆದು ಮುಚ್ಚುವುದರಿಂದಲೇ ಶಾಖವು ಏರಿಳಿಯುವುದು. ಕೆಂಡಕ್ಕೆ ಹಳೆಯ ಕಬ್ಬಿಣದ ಬಾಣಲೆ. ಅದರಿಂದ ಎರಡಡಿ ಮೇಲೆ ಉಕ್ಕಿನ ಜಾಲರಿ. ಸತುವಿನ ಲೇಪವುಳ್ಳ ತಗಡು ಸಲ್ಲದು. ಅತಿಯಾಗಿ ಕಾದರೆ ಅದರ ಹಬೆಯು ಜ್ವರ ತರುವುದು. ಸೀಬೆ, ಮಾವುಗಳ ಒಣಗಿದ ಕಟ್ಟಿಗೆ ಉತ್ತಮ. ಬಣ್ಣ ಬಳಿದ ಮರ ವರ್ಜ್ಯ.

ಹೊಗೆಯು ರುಚಿಯನ್ನೀಯುವುದು, ಬೇಯಿಸುವುದು ಶಾಖವೇ. ಗೂಡಿನೊಳಗೆ 110ರಿಂದ 120 ಡಿಗ್ರಿ ಸೆಂಟಿಗ್ರೇಡ್ ಶಾಖವಿರಲಿ. ಕೋಳಿಯ ದಪ್ಪ ಭಾಗದಲ್ಲಿ ಉಷ್ಣಮಾಪಕವು 74 ಡಿಗ್ರಿ ತೋರುವವರೆಗೆ ಇಳಿಸಲಾಗದು. ಇದು ಅಂದಿನ ಊಟಕ್ಕೆ, ತಿಂಗಳುಗಟ್ಟಲೆ ಇಡುವುದಕ್ಕಲ್ಲ. ಗೂಡು ಬಯಲಿನಲ್ಲಿಯೇ ಇರಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಾನಿಲವು ಪ್ರಾಣಾಂತಕ.

ಗುಜರಿಯಿಂದ ಹಣವುಳಿಸುವುದು ಜಾಣತನವೇ ಸರಿ. ಆದರೆ ಪ್ರತಿಯೊಂದು ಸಾಮಾನಿನ ಪೂರ್ವಚರಿತ್ರೆಯನ್ನು ತಿಳಿದ ಮೇಲೆಯೇ ಅದನ್ನು ಅಡಿಗೆಗೆ ಬಳಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.