ಮೂರು ವರ್ಷ ದಾಟಿದ ಪಾಲಿಸಿ

ಜೀವ ವಿಮೆಯ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎನ್ನುತ್ತದೆ 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್. ಸಕ್ಕರೆ ಕಾಯಿಲೆ ಮುಚ್ಚಿಟ್ಟಿದ್ದರು, ಹಳೆಯ ಆಪರೇಷನ್ ತಿಳಿಸಿರಲಿಲ್ಲ ಎಂಬ ತಕರಾರುಗಳಿಗೆ ಅಲ್ಲಿಗೆ ತೆರೆ. ನಾಮಿನಿ ಕ್ಲೇಮ್ ಸಲ್ಲಿಸುವ ಹೊತ್ತಿಗೆ ಅರ್ಜಿಗೆ ಸಹಿ ಹಾಕಿದವರು ಇರುವುದಿಲ್ಲ. ಅಂದು ಏನು ಕೇಳಿದರು, ಇವರು ಏನು ಹೇಳಿದರು ಎಂಬುದು ಮನೆಯವರಿಗೆ ಗೊತ್ತಿರುವುದಿಲ್ಲ. ಈ ರಕ್ಷಣೆ ಬೇಕಾದದ್ದೇ ಅದಕ್ಕೆ.

ಮೊದಲು ನಿಯಮ ಇಷ್ಟು ಗಟ್ಟಿ ಇರಲಿಲ್ಲ. ಗಡುವು ಎರಡೇ ವರ್ಷ, ಆದರೆ ವಂಚನೆ ಸಾಬೀತಾದರೆ ಆಮೇಲೂ ಹಣ ನಿರಾಕರಿಸಬಹುದಿತ್ತು. 1962ರ ಮಿಠೂಲಾಲ್ ನಾಯಕ್ ಪ್ರಕರಣದಲ್ಲಿ, ಚಿಕಿತ್ಸೆ ಪಡೆದದ್ದನ್ನು ಬೇಕೆಂದೇ ಮುಚ್ಚಿಟ್ಟಿದ್ದರೆಂದು ಸುಪ್ರೀಂ ಕೋರ್ಟ್ ಎಲ್‌ಐಸಿಯ ಪರ ನಿಂತಿತು. 2015ರ ತಿದ್ದುಪಡಿ ಗಡುವನ್ನು ಮೂರು ವರ್ಷಕ್ಕೆ ಏರಿಸಿ, ಆಮೇಲೆ ವಂಚನೆಯ ಮಾತಿಗೂ ಜಾಗವಿಲ್ಲದಂತೆ ಮಾಡಿತು.

ಆ ಮೂರು ವರ್ಷದೊಳಗೆ ಮಾತ್ರ ಕಂಪನಿಯ ಕೈ ಮೇಲಿದೆ. ಆದರೂ ನಿರಾಕರಣೆಯ ಕಾರಣವನ್ನೂ ಆಧಾರವನ್ನೂ ಅದು ಲಿಖಿತವಾಗಿ ತಿಳಿಸಬೇಕು. ಆಯುಷ್ಯಕ್ಕೆ ಸಂಬಂಧಿಸಿದ ವಿಷಯದಲ್ಲಿ ವಂಚನೆಯಿಲ್ಲದೆ ತಪ್ಪು ಮಾಹಿತಿ ಸೇರಿದ್ದರೆ, ಪಾಲಿಸಿ ರದ್ದಾದರೂ ಕಟ್ಟಿದ ಕಂತುಗಳು 90 ದಿನದಲ್ಲಿ ವಾಪಸ್ ಬರಬೇಕು. ವಂಚನೆ ಎಂದಾದರೆ ಈ ಭರವಸೆಯಿಲ್ಲ. ಪಾಲಿಸಿದಾರರು ತೀರಿಕೊಂಡಿದ್ದರೆ, ವಂಚನೆಯಲ್ಲವೆಂದು ತೋರಿಸುವ ಹೊಣೆ ಫಲಾನುಭವಿಗಳದು. ಗತಿಸಿದವರ ಮನಸ್ಸಿನಲ್ಲಿ ಏನಿತ್ತೆಂದು ವಿಧವೆಯೊಬ್ಬಳು ರುಜುವಾತು ಮಾಡಬೇಕೆನ್ನುವುದು ಈ ಸೆಕ್ಷನ್ನಿನ ಅತಿ ಕಠಿಣ ಭಾಗ. ಪಾಲಿಸಿ ಮಾಡಿಸಲು ಮಾತಾಡಿದವರನ್ನು ಕಾನೂನು ಕಂಪನಿಯ ಏಜೆಂಟರೆಂದೇ ಪರಿಗಣಿಸುವುದು ತುಸು ಆಸರೆ.

ಮೂರು ವರ್ಷದ ಎಣಿಕೆಯಲ್ಲೇ ಬಹಳ ಮಂದಿ ಎಡವುತ್ತಾರೆ. ಪಾಲಿಸಿ ಕೊಟ್ಟ ದಿನ, ರಕ್ಷಣೆ ಶುರುವಾದ ದಿನ, ಲ್ಯಾಪ್ಸ್ ಆದದ್ದನ್ನು ಮತ್ತೆ ಚಾಲೂ ಮಾಡಿಸಿದ ದಿನ, ಹೆಚ್ಚುವರಿ ರಕ್ಷಣೆಯ ರೈಡರ್ ಸೇರಿಸಿದ ದಿನ, ಇವುಗಳಲ್ಲಿ ಕೊನೆಯದರಿಂದ ಲೆಕ್ಕ. ಹತ್ತು ವರ್ಷ ಕಂತು ಕಟ್ಟಿ, ಒಮ್ಮೆ ತಪ್ಪಿಸಿ ಪುನಃ ಶುರು ಮಾಡಿಸಿದರೆ, ಎಣಿಕೆ ಹೊಸದಾಗಿ ಮೊದಲಾಗುತ್ತದೆ.

ಕಂತು ನಿಂತು ಸತ್ತುಹೋದ ಪಾಲಿಸಿಯನ್ನು ಈ ಸೆಕ್ಷನ್ ಬದುಕಿಸದು. ಆರೋಗ್ಯ ವಿಮೆಗೆ ಬೇರೆ ನಿಯಮವಿದೆ: 2024ರಿಂದ ಅಲ್ಲಿನ ಅವಧಿ ಸತತ 60 ತಿಂಗಳು, ವಂಚನೆ ಸಾಬೀತಾದರೆ ಆಮೇಲೂ ವಿನಾಯಿತಿಯಿಲ್ಲ.

ವಯಸ್ಸಿನ ಪುರಾವೆಯನ್ನು ಮಾತ್ರ ಕಂಪನಿ ಯಾವಾಗ ಬೇಕಾದರೂ ಕೇಳಬಹುದು. ಅದಕ್ಕೆ ತಕ್ಕಂತೆ ಷರತ್ತು ಸರಿಪಡಿಸಿದರೆ ಪಾಲಿಸಿಯನ್ನು ಪ್ರಶ್ನಿಸಿದಂತಾಗುವುದಿಲ್ಲ. ಜೀವನಪರ್ಯಂತ ಪಿಂಚಣಿ ಕೊಡುವ ವರ್ಷಾಶನದ ಒಪ್ಪಂದಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕ. ಅಲ್ಲಿ ಸಾಮಾನ್ಯವಾಗಿ ಆರೋಗ್ಯ ತಪಾಸಣೆ ಇರುವುದಿಲ್ಲ. ವಯಸ್ಸು ಹೆಚ್ಚಿದಷ್ಟೂ ಪಿಂಚಣಿಯ ಮೊತ್ತ ಹೆಚ್ಚುವುದರಿಂದ, ಹುಟ್ಟಿದ ದಿನಾಂಕ ತಪ್ಪಿದ್ದರೆ ಮೊತ್ತವೂ ತಪ್ಪುತ್ತದೆ.